ಅಪ್ಪನಿಗೆ ಇಟ್ಟ ಲೋಟ

ಬಾಟಲಿಯನ್ನು ಭೋಜ ಯಾರ ಕೈಗೂ ಕೊಡಲಿಲ್ಲ. ಅಂಗಿಯೊಳಗೆ ಅವುಚಿಕೊಂಡೇ ಚಾವಡಿಯ ಮೂಲೆಯಲ್ಲಿ ಕುಳಿತ. ಎದುರಿಗೆ ಮೋಹಿನಿ ಮಲ್ಲಿಗೆ ಕಟ್ಟುತ್ತಿದ್ದಳು. ಕಣ್ಣು ಮಾತ್ರ ಗಂಡನ ಎದೆಯ ಉಬ್ಬಿನ ಮೇಲೆ. ಬಾಳೆನಾರು ಮತ್ತೆ ಮತ್ತೆ ತುಂಡಾಯಿತು.

ಎಲ್ಲ ಮೋಹಿನಿಯ ತಂಗಿ ಚಂಪಾಳ ಹಟ. ಸತ್ತವರಿಗೆ ವರ್ಷಕ್ಕೊಮ್ಮೆ ಅಗೆಲು ಬಡಿಸುವಾಗ ಅವರಿಗೆ ಇಷ್ಟವಾದದ್ದನ್ನೇ ಇಡಬೇಕಲ್ಲ! ಅಪ್ಪನಿಗೆ ಇಷ್ಟವಾದದ್ದು ಯಾವುದೆಂದು ಇಡೀ ಶಂಕರಪುರಕ್ಕೆ ಗೊತ್ತಿತ್ತು. ಅವರ ಲಿವರಿಗೂ ಗೊತ್ತಿತ್ತು. ಒಂಬತ್ತು ವರ್ಷ ಎಳನೀರಿಟ್ಟು ಸುಧಾರಿಸಿದ್ದಾಯಿತು. ಈ ಸಲ ಚಂಪಾ ಕಾರ್ಕಳದಿಂದ ಬರುವಾಗಲೇ ಬ್ರಾಂದಿ ಹಿಡಿದುಕೊಂಡು ಬಂದಿದ್ದಳು.

“ಅಪ್ಪ ಕನಸಿನಲ್ಲಿ ಬಂದು ಕೇಳ್ತಾರೆ ಅಕ್ಕ. ಒಂದು ದಿನಕ್ಕೆ ಎಂತ ಆಗ್ತದೆ?”

“ಎಂತ ಆಗ್ತದೆ ಅಂತ ನಮಗೆ ಗೊತ್ತುಂಟು ಚಂಪಾ,” ಎಂದ ಭೋಜ.

ಗೊತ್ತಿಲ್ಲದೆ ಏನು? ಆ ಒಂಬತ್ತು ವರ್ಷಗಳನ್ನು ಗಂಡಹೆಂಡತಿ ಹಲ್ಲು ಕಚ್ಚಿ ದಾಟಿದ್ದರು. ಮಣಿಪಾಲದ ವಾರ್ಡಿನಲ್ಲಿ ಒಟ್ಟಿಗೆ ಕಳೆದ ಆ ತಿಂಗಳು, ಆ ಕೈನಡುಕ, ಆ ಕಿರುಚಾಟ! ಬಿಡುಗಡೆಯ ದಿನ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು: ಒಂದು ಗುಟುಕು ಸಾಕು, ಮತ್ತೆ ಮೊದಲಿನಿಂದ. ಅಂದಿನಿಂದ ಮದುವೆಮನೆಗಳಲ್ಲಿ ಊಟ ಮುಗಿದದ್ದೇ ಇಬ್ಬರೂ ಹೊರಟುಬಿಡುತ್ತಿದ್ದರು. ಭೋಜನನ್ನು ಕಂಡು ಜನ ಅಯ್ಯೋ ಪಾಪ ಎನ್ನುತ್ತಿದ್ದರು.

ದೇವರೇ, ಇದೊಂದು ಸಂಜೆ ದಾಟಿಸಪ್ಪಾ ಎಂದು ಮೋಹಿನಿ ಬೇಡಿಕೊಂಡಳು.

ಮುಸ್ಸಂಜೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ ಕೋಳಿ ಸಾರು, ರೊಟ್ಟಿ ಬಡಿಸಿದರು. ಭೋಜ ಲೋಟಕ್ಕೆ ಬ್ರಾಂದಿ ಸುರಿದ. ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದ. ಸತ್ತವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲೆಳೆದು ಎಲ್ಲರೂ ಅಂಗಳಕ್ಕಿಳಿಯುವುದು ಪದ್ಧತಿ. ಆ ಕೋಣೆಗೆ ಹಿತ್ತಿಲಿನಿಂದಲೂ ಒಂದು ಬಾಗಿಲಿತ್ತು. ಭೋಜ ಹೊಸ್ತಿಲು ಬಿಟ್ಟು ಕದಲಲಿಲ್ಲ.

“ನೀವು ಕಾವಲು ಕೂತರೆ ಅಪ್ಪ ಹೇಗೆ ಬರುವುದು ಭಾವ? ಏಳಿ ಮಾರಾಯ್ರೆ!” ಎಂದಳು ಚಂಪಾ.

ಎದ್ದ. ಚಂಪಾ ಅಂಗಳದಲ್ಲಿ ಕೈಮುಗಿದು ಕಣ್ಣು ಮುಚ್ಚಿದಳು. ಮೋಹಿನಿ ಕೈ ತೊಳೆಯುವ ನೀರಿಗೆಂದು ಹಿತ್ತಿಲ ಬಾವಿಕಟ್ಟೆಗೆ ಹೋದಳು. ಚೆಂಬು ಹಿಡಿದು ಮರಳಿದಾಗ ಭೋಜ ಅಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ಹಿತ್ತಿಲ ಕಡೆಯಿಂದ ಏದುಸಿರು ಬಿಡುತ್ತ ಬಂದ.

“ಎಲ್ಲಿ ಹೋದದ್ದು ಭಾವ?”

“ಇಲ್ಲೇ,” ಎಂದ, ಅಷ್ಟೇ.

ಮೋಹಿನಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಳು.

ಬಾಗಿಲು ತಟ್ಟಿ ತೆರೆದರು. ಲೋಟ ಖಾಲಿ.

“ಅಪ್ಪ ಬಂದಿದ್ದಾರೆ ಅಕ್ಕ! ಒಂದು ತೊಟ್ಟೂ ಬಿಡಲಿಲ್ಲ ನೋಡು!” ಚಂಪಾ ಸಂತೋಷದಿಂದ ಅತ್ತೇಬಿಟ್ಟಳು.

ಭೋಜ ಹಣೆ ಚಚ್ಚಿಕೊಂಡು ಹೊಸ್ತಿಲ ಮೇಲೆ ಕುಸಿದ. ಸಣ್ಣ ಮಗುವಿನಂತೆ ಬಿಕ್ಕಿದ.

“ನನ್ನಿಂದ ಆಗಲಿಲ್ಲ ಮೋಹಿನಿ. ಒಂಬತ್ತು ವರ್ಷ ಆಯ್ತು, ಇವತ್ತು ಒಂದು ಗಳಿಗೆ ಆಗಲಿಲ್ಲ. ಏನಾದರೂ ಮಾತಾಡು. ಬೈದರೂ ಅಡ್ಡಿಯಿಲ್ಲ, ಮಾತಾಡು!”

ಮೋಹಿನಿ ಸೆರಗು ತೆಗೆಯಲಿಲ್ಲ. ತೆಗೆದರೆ ಅವಳ ಬಾಯಿಂದ ಬ್ರಾಂದಿಯ ವಾಸನೆ ಬರುತ್ತಿತ್ತು.