ತೊಟ್ಟಿಗೆ ಗಾಳಿ ಊದುವ ಮೋಟಾರು

ಮೋಟಾರು ಬಂದ್ ಮಾಡುತ್ತಿರುವವಳು ಹೆಂಡತಿಯೇ ಎಂದು ಜಿನಪಾಲ ತೀರ್ಮಾನಿಸಿಬಿಟ್ಟ. ಸಂಜೆ ಶಾಲೆಯಿಂದ ಟಿಳಕವಾಡಿಯ ಮನೆಗೆ ಬಂದರೆ ಗಾಜಿನ ತೊಟ್ಟಿಯಲ್ಲಿ ಮತ್ತೆರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅವನು ವಿಜ್ಞಾನದ ಮಾಸ್ತರ. ನೀರಿನಲ್ಲಿ ಕರಗಿದ ಗಾಳಿಯೇ ಮೀನಿಗೆ ಉಸಿರು, ನೀರು ಕಾದರೆ ಆ ಗಾಳಿ ಹಾರಿಹೋಗುತ್ತದೆ, ಆರಿದರೂ ಬೇಗ ಮರಳದು ಎಂದು ಗೊತ್ತಿದ್ದವನು. ಅದಕ್ಕೇ ತೊಟ್ಟಿಯನ್ನು ಬಿಸಿಲು ಬೀಳದ ಮೂಲೆಯಲ್ಲಿಟ್ಟಿದ್ದ. ಗಾಳಿ ಊದಲು ಮೋಟಾರು ತಂದಿದ್ದ, ರಬ್ಬರ್ ಕೊಳವೆ ಎರಡು ಸಲ ಬದಲಿಸಿದ್ದ. ಎಂಬತ್ತೆರಡರ ಆ ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟು ಇರುತ್ತಿರಲಿಲ್ಲ. ಆಗ ಕೊಳವೆಯಿಂದ ಹಳೆ ನೀರು ಎಳೆದು ಬಾವಿಯ ಹೊಸ ನೀರು ತುಂಬುವುದನ್ನೂ ಅವ್ವ ಶಾಂತಮ್ಮನಿಗೆ ಕಲಿಸಿದ್ದ. ಇಷ್ಟಾದರೂ ಸಾಯುತ್ತವೆಂದರೆ ಮನೆಯವರದೇ ಕೈವಾಡ.

ಹೆಂಡತಿ ರತ್ನಮಾಲಾಳಿಗೆ ತೊಟ್ಟಿ ಕಂಡರಾಗದು. “ಜೀವ ಕೂಡಿ ಹಾಕೂದು ಪಾಪ ರೀ, ಹೊಳಿಗೆ ಬಿಟ್ಟು ಬರ್ರಿ” ಎಂದು ದಿನಾ ಅನ್ನುತ್ತಿದ್ದಳು.

“ನೀನ ಕೊಲ್ಲಾಕತ್ತಿ” ಎಂದ ಅವನು ಅಂದು.

ಜೈನರ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಆಕೆ ಪೆಟ್ಟಿಗೆ ಹಿಡಿದು ಖಾನಾಪುರದ ತವರಿಗೆ ಹೊರಟುಹೋದಳು.

ಮೀನು ಸಾಯುವುದು ನಿಲ್ಲಲಿಲ್ಲ. ಜಿನಪಾಲನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಖಾನಾಪುರಕ್ಕೆ ಓಡಿದ, ತಪ್ಪಾಯಿತೆಂದ, ಬೇಡಿಕೊಂಡ. ರತ್ನಮಾಲಾ ಹೊಸ್ತಿಲು ದಾಟಿ ಬರಲಿಲ್ಲ.

“ಕೊಲ್ಲಾವ್ರು ಯಾರಂತ ಹುಡುಕ್ರಿ. ಅತ್ತಿಯವರ ಮುಂದ ಹೆಸರ ಹಿಡದು ಹೇಳ್ರಿ. ಆವತ್ತ ಬರ್ತೀನಿ.”

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನವೇ ಮನೆಗೆ ಬಂದ. ಕರೆಂಟಿಲ್ಲ. ಮೋಟಾರು ಸುಮ್ಮನೆ ಕೂತಿತ್ತು. ಉಳಿದಿದ್ದ ಒಂದೇ ಮೀನು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿತ್ತು. ಅವ್ವ ತಾಮ್ರದ ಕೊಡ ಬಗ್ಗಿಸಿ, ಮೀನಿಗೆ ಪೆಟ್ಟಾಗದಂತೆ ಅಂಗೈ ಅಡ್ಡ ಹಿಡಿದು ನೀರು ಸುರಿಯುತ್ತಿದ್ದಳು. ಕಣ್ಣು ತುಂಬಿದ್ದವು.

“ಕೊಲ್ಲಾವ್ರು ಸಿಕ್ಕರೇನು ತಮ್ಮಾ? ಸಿಕ್ಕರ ಬಿಡಬ್ಯಾಡ” ಎಂದಳು.

ಜಿನಪಾಲ ತೊಟ್ಟಿಯೊಳಗೆ ಬೆರಳಿಟ್ಟ. ನೀರು ತಣ್ಣಗೇ ಇತ್ತು.

“ಅವ್ವಾ, ಇದು ಬಾವಿ ನೀರಲ್ಲೇನು?”

“ಬಾವೀದ ಖರೇ. ಆದ್ರ ಹಂಗ ಹೆಂಗ ಹಾಕಲಿ, ಅವೂ ಜೀವ ಅಲ್ಲೇನು? ನಮಗ ಕುಡಿಯಾಕ ಮಾಡಿದಂಗ ದಿನಾ ಸೋಸಿ, ಗಳಗಳ ಕುದಿಸಿ, ಆರಿಸಿನ ಹಾಕ್ತೀನಿ. ನಾಳಿಂದ ಇನ್ನೊಂದೀಟು ಹೊತ್ತು ಕುದಿಸ್ತೀನಿ ತಗೋ.”