ಎರಡನೆಯ ಲೋಟ

ಹೊಸ ಟ್ಯೂಷನ್ನಿನ ಇಂಚರ ಮಿಸ್ ಹಾಕಿದ ಐಸು ಮೊದಲ ಲೋಟದಲ್ಲಿ ತೇಲಿತು, ಎರಡನೆಯದರಲ್ಲಿ ಕಲ್ಲಿನಂತೆ ತಳ ಸೇರಿತು. ನೋಡಲು ಎರಡೂ ನೀರೇ. ಮಕ್ಕಳು ಬಾಯಿಬಿಟ್ಟರು. ಕಿಟಕಿಯಾಚೆ ನಿಂತಿದ್ದ ಜಯಸಿಂಹ ಮೇಷ್ಟ್ರಿಗೆ ಅಷ್ಟು ಐಸು ಕಂಡರೂ ಹೊಟ್ಟೆ ಉರಿಯಿತು. ಈ ಮಕ್ಕಳಲ್ಲಿ ಒಂಬತ್ತು ಜನ ಕಳೆದ ತಿಂಗಳವರೆಗೂ ಪದ್ಮನಾಭನಗರದ ಅವರ ಟ್ಯೂಷನ್ನಿನಲ್ಲಿ ಆಕಳಿಸುತ್ತಿದ್ದವರು.

"ಯಾಕೆ ಮುಳುಗ್ತು, ಹೇಳಿ?" ಇಂಚರ ಕೇಳಿದಳು.

ಲಿಖಿತ್ ಎದ್ದು ಮೂಗಿನಲ್ಲೇ ಮೇಷ್ಟ್ರ ದನಿ ತೆಗೆದ: "ಸಾಂದ್ರತೆ ಅಂದ್ರೆ ರಾಶಿ ಭಾಗಿಸು ಗಾತ್ರ. ಬರ್ಕೊಳ್ರೋ, ಹತ್ತು ಸಲ!" ಕ್ಲಾಸು ಗೊಳ್ಳೆಂದಿತು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಅದು ನೀರಲ್ಲ ಕಣ್ರೋ, ಸ್ಪಿರಿಟ್ಟು! ಐಸಿಗಿಂತ ಹಗುರ, ಅದಕ್ಕೇ ಐಸು ಮುಳುಗ್ತು. ಇದೇನ್ ಮಹಾ ಮ್ಯಾಜಿಕ್ಕಾ? ಮೂವತ್ತು ವರ್ಷದಿಂದ ಗೊತ್ತು ನಂಗೆ!"

ನಗು ನಿಂತಿತು. ಮುಂದಿನ ಸಾಲಿನ ಅರ್ಪಿತ ಕಿಟಕಿಯತ್ತ ತಿರುಗಿದಳು.

"ಹೌದಾ ಸಾರ್? ಮತ್ತೆ ನಮಗ್ಯಾಕೆ ಒಂದ್ಸಲಾನೂ ತೋರಿಸ್ಲಿಲ್ಲ?"