ಒಂದೇ ರಿಂಗು

‘ಕಳಿಸಿದ ಡೇಟಾಗೆ ಉತ್ತರ ಬಾರದಿದ್ದರೆ ಇಂಟರ್ನೆಟ್ಟಿನ ಟಿಸಿಪಿ ಪ್ರೋಟೋಕಾಲ್ ಏನು ಮಾಡುತ್ತದೆ?’ ಕಾಲೇಜಿನ ಆನ್‌ಲೈನ್ ಪರೀಕ್ಷೆಯ ಕೊನೆಯ ಪ್ರಶ್ನೆ. ‘ಮತ್ತೆ ಕಳಿಸುತ್ತದೆ’ ಎಂಬುದನ್ನು ಒತ್ತಿದ ವಿಜಯಲಕ್ಷ್ಮಿಗೆ ತಟ್ಟನೆ ಗಡಿಯಾರ ಕಂಡಿತು. ಏಳು ದಾಟಿತ್ತು. ಫೋನಿನ ವೈರಿನಲ್ಲೇ ಇಂಟರ್ನೆಟ್ ನಡೆಯುತ್ತಿದ್ದಷ್ಟು ಹೊತ್ತೂ ಬೆಂಗಳೂರಿನ ಬಿಟಿಎಂನ ಆ ಬಾಡಿಗೆ ಮನೆಯ ಫೋನು ಎಂಗೇಜ್.

“ದಿನಾ ಏಳಕ್ಕ ಆಸ್ಪತ್ರಿಯಿಂದ ರಿಂಗ್ ಕೊಡ್ತೀನಿ. ಎತ್ತಬ್ಯಾಡಕ್ಕ. ಒಂದ ರಿಂಗಿಗೆ ನಿಂತ್ರ ಅಪ್ಪ ಆರಾಮ ಅದಾನ ಅಂತ ತಿಳ್ಕೊ,” ಎಂದಿದ್ದ ಊರಲ್ಲಿರುವ ತಮ್ಮ ನಿಂಗರಾಜ.

ಸಬ್ಮಿಟ್ ಕೂಡ ಒತ್ತದೆ ಅವಳು ಮೋಡೆಮ್ಮಿನಿಂದ ವೈರು ಕಿತ್ತು ಫೋನಿಗೆ ಸಿಕ್ಕಿಸಿದಳು. ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಫೋನು ಹೊಡೆದುಕೊಂಡಿತು. ಎದೆ ಹಗುರಾಯಿತು.

“ಸಾಕೋ ನಿಂಗ್ಯಾ, ಇಡು,” ಎಂದಳು ಫೋನಿನ ಕಡೆ ನೋಡುತ್ತ.

ಅದು ಮತ್ತೆ ಹೊಡೆದುಕೊಂಡಿತು. ನಿಲ್ಲಲೇ ಇಲ್ಲ.